ಮಕ್ಕಳ ಮುಂದೆ ಬಸ್ಕಿ ಹೊಡೆದ ಮೇಷ್ಟ್ರು

ಮಕ್ಕಳ ಕೈಯಲ್ಲಿ ಶಿಕ್ಷೆ ತಿಂದು ಸರ್ಕಾರದ ಸಂಬಳ ಎಣಿಸುತ್ತಿದ್ದ ಮೇಷ್ಟ್ರು ಇಡೀ ಹೊಳೆನರಸೀಪುರಕ್ಕೆ ಒಬ್ಬರೇ. ಅವರು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ನನ್ನ ಗ್ರಹಚಾರಕ್ಕೆ ನಾನೂ ಅದೇ ಶಾಲೆಯಲ್ಲಿ ಮೇಷ್ಟ್ರು, ಅದೂ ಪಕ್ಕದ ಕೋಣೆಯಲ್ಲಿ!

ಐವತ್ತರ ದಶಕದ ಕೊನೆ. ರಸ್ತೆ ಕೆಲಸಕ್ಕೆ ಬಂದು ಕಲ್ಲು ಒಡೆಯುತ್ತಿದ್ದವರ ತೆಲುಗು ಮಕ್ಕಳು, ಪೇಟೆಯ ಉರ್ದು ಮಕ್ಕಳು, ಎಲ್ಲರೂ ನಮ್ಮ ಶಾಲೆಗೇ ಬರುತ್ತಿದ್ದರು. ನನ್ನ ತರಗತಿಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಿದರೆ ಬೆತ್ತ. ಅವರ ತರಗತಿಯಲ್ಲಿ ಮೊದಲ ಪೀರಿಯಡ್ಡು ಮೇಷ್ಟ್ರೇ ವಿದ್ಯಾರ್ಥಿ. ಮಕ್ಕಳಿಂದ ಅವರವರ ಮನೆಮಾತು ಕಲಿಯುವುದು, ತಪ್ಪಿದರೆ ಕಿವಿ ಹಿಡಿದು ಬಸ್ಕಿ ಹೊಡೆಯುವುದು. ಆಮೇಲೆ ಮಕ್ಕಳ ಸರದಿ, ಕನ್ನಡದಲ್ಲಿ. ಇದಕ್ಕೆ ಪಾಠ ಅನ್ನುತ್ತಾರೆಯೇ? ಟ್ರೇನಿಂಗ್ ಮುಗಿಸಿ ಬಂದವನು ನಾನು; ಗಂಟೆ ಹೊಡೆಯುವ ಮೊದಲೇ ಮಕ್ಕಳು ಕಾಯುತ್ತಿದ್ದುದು ಅವರ ಬಾಗಿಲಲ್ಲಿ. ಹಬ್ಬಕ್ಕೆ ಹೋದರೆ ನಮ್ಮತ್ತೆ ಹೊಗಳುತ್ತಿದ್ದುದೂ ಅವರನ್ನೇ. ನನಗೆ ಹೊಟ್ಟೆ ಉರಿಯದೆ ಇನ್ನೇನಾಗಬೇಕು?

ಒಂದು ದಿನ ಅವರು ಬಸ್ಕಿ ಹೊಡೆಯುತ್ತಿರುವಾಗಲೇ ಶಾಲಾ ಇನ್ಸ್‌ಪೆಕ್ಟರು ಒಳಗೆ ಬಂದರು. ಕಿಟಕಿಯಲ್ಲಿ ನೋಡುತ್ತಿದ್ದ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಏನ್ರೀ ಇದು?"

"ತೆಲುಗು ತಪ್ಪೋಯ್ತು ಸಾ. ಇನ್ನೂ ಎಲ್ಡು ಬಾಕಿ ಐತೆ."

ಶಿಕ್ಷೆ ಕೊಟ್ಟವಳು ಕಲ್ಲು ಒಡೆಯುವವರ ಹುಡುಗಿ. ಅವಳು ಕನ್ನಡದಲ್ಲೇ, "ಕೂತ್ಕಳಿ ಸಾ, ಮೇಷ್ಟ್ರು ಮುಗಿಸ್ಕಂಡು ಬತ್ತಾರೆ" ಅಂದಳು. ಇನ್ಸ್‌ಪೆಕ್ಟರು ಬಿದ್ದು ಬಿದ್ದು ನಕ್ಕರು. ನನ್ನ ಕೋಣೆಗೆ ಬಂದಾಗ ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. "ಶಿಸ್ತೇನೋ ಸರಿ. ಇವಕ್ಕೆ ಮಾತು ಬರುತ್ತೇನ್ರೀ?" ಎಂದು ಕೇಳಿ ಹೋದರು.

ರಸ್ತೆ ಕೆಲಸ ಮುಗಿದು ಕಲ್ಲು ಒಡೆಯುವವರ ಬಿಡಾರ ಚನ್ನರಾಯಪಟ್ಟಣದ ಕಡೆಗೆ ಹೊರಟಿತು. ಆ ಹುಡುಗಿಯ ಓದು ಅಲ್ಲಿಗೆ ಮುಗಿಯುತ್ತಿತ್ತು. ಅವಳನ್ನು ಓದಲು ಇಲ್ಲೇ ಬಿಟ್ಟುಹೋಗು ಎಂದು ಷಡ್ಡಕರು ಅವಳಪ್ಪನಿಗೆ ತೆಲುಗಿನಲ್ಲಿ ಗೋಗರೆದರು.

"ಯಾರ ಮನೇಲಿರ್ತದೆ ಸಾ ಮಗು?" ಎಂದ ಅವನು.

ಷಡ್ಡಕರ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಅವರು ನನ್ನ ಕಡೆ ತಿರುಗಿ, "ನಿಮ್ಮನೇಲಿ ಜಾಗ ಐತಲ್ಲಯ್ಯ" ಎಂದರು. ನಮಗೆ ಮಕ್ಕಳಿರಲಿಲ್ಲ. ಅವರ ಶಿಷ್ಯೆಯನ್ನು ಸಾಕಲು ನನಗೇನು ಹುಚ್ಚೇ? ಆದರೆ ನನ್ನ ಜೊತೆ ಬಂದಿದ್ದ ಹೆಂಡತಿ ಆಗಲೇ ಹುಡುಗಿಯ ಕೈಯಿಂದ ಬಟ್ಟೆಯ ಗಂಟು ಇಸಿದುಕೊಂಡಿದ್ದಳು.

ಆ ಸಂಜೆ ಹುಡುಗಿ ತಟ್ಟೆ ಮುಟ್ಟಲಿಲ್ಲ, ಗೋಡೆ ಕಡೆ ತಿರುಗಿ ಅಳುತ್ತಿದ್ದಳು. ನಾವು ಕನ್ನಡದಲ್ಲಿ ಎಷ್ಟು ರಮಿಸಿದರೂ ಕೇಳಲಿಲ್ಲ. ನನಗೆ ತಡೆಯಲಾಗದೆ ಷಡ್ಡಕರ ಮನೆಗೆ ಓಡಿ, ಬೇಕಾದ ಮಾತು ಕೇಳಿಕೊಂಡು, ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಾ ಬಂದೆ.

"ಅನ್ನಂ ತಿನಮ್ಮಾ" ಎಂದೆ.

ಅವಳು ತಿರುಗಿ ನೋಡಿದಳು. ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು.

ಮಾರನೆಯ ದಿನ ಶಾಲೆಯಲ್ಲಿ ಅವಳು ಓಡಿದ್ದು ಅವರ ತರಗತಿಗೇ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಆದರೆ ಸಂಜೆ ಗಂಟೆ ಹೊಡೆದ ಮೇಲೆ ನನ್ನ ಕೋಣೆಯ ಬಾಗಿಲಿಗೆ ಬಂದು, ಮನೆಗೆ ಹೋಗೋಣವೆಂದು ನನ್ನ ಕೈ ಹಿಡಿದಳು.