ಹಪ್ಪಳದ ಪಕ್ಕ ಒಣಗಿದ ಜೋಗುಳ

ಕುಮಟೆಯಲ್ಲಿ ಹಗ್ಗ, ಬಲೆ, ತಾಡಪತ್ರಿಗಳ ಅಂಗಡಿ ಇಟ್ಟಿರುವ ಮಾಬ್ಲ ನಾಯ್ಕರಿಗೆ ಲೋಕದ ಮೇಲೆ ಇದ್ದ ದೂರು ಒಂದೇ. ಹಳದೀಪುರದ ಅತ್ತೆ ಸಣ್ಣಮ್ಮ, ಮದುವೆಯಾದಂದಿನಿಂದ ಇವರ ಬಗ್ಗೆ ಒಂದು ಒಳ್ಳೆ ಮಾತು ಆಡಿರಲಿಲ್ಲ. ಯಾರಾದರೂ ವಿಚಾರಿಸಿದರೆ, "ನಮ್ಮ ಅಳಿಯಂದಿರಾ? ಹಗ್ಗ ಮಾರೂಕೆ ಅಡ್ಡಿಲ್ಲ" ಎಂದು ಎಲೆಯಡಿಕೆ ಬಾಯಿಗಿಡುತ್ತಿದ್ದರು. (ತದಡಿಯ ದೋಣಿಗಳೆಲ್ಲ ಮಾಬ್ಲರ ಹಗ್ಗವನ್ನೇ ನಂಬಿ ನಿಂತಿವೆ. ಆದರೆ ಅತ್ತೆ ದೋಣಿಯಲ್ಲವಲ್ಲ.)

ಹೀಗಿರುವಾಗ ಅತ್ತೆಯ ಮಗ ಭಾಸ್ಕರನಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲು ಶಾಸ್ತ್ರದ ದಿನವೂ ಗೊತ್ತಾಯಿತು. ಸಣ್ಣಮ್ಮ ನಿಟ್ಟುಸಿರು ಬಿಟ್ಟರು. "ನಮ್ಮ ಮನೆಯವ್ರು ಮುಂಬೈಯಿಂದ ತಂದ ಜೋಗುಳದ ಪ್ಲೇಟು ಹಾಕಿ ನನ್ನ ಮಕ್ಕಳನ್ನೆಲ್ಲ ಮಲಗ್ಸಿದ್ದೆ. ಈ ಕೂಸಿಗೂ ಅದೇ ಕೇಳಿಸ್ಬೇಕಿತ್ತು. ಎಂತ ಮಾಡೂದು, ಗ್ರಾಮಫೋನೇ ಸತ್ತೋತು."

ಮಾಬ್ಲರು ಎದ್ದು ನಿಂತರು. "ಕೊಡಿ ಅತ್ತೆ. ಮೊಬೈಲಿಗೆ ಇಳಿಸಿ ತರ್ತೆ."

ಸಣ್ಣಮ್ಮ ಹಳೆ ಸೀರೆಯ ಸುತ್ತು ಬಿಚ್ಚಿ, ಕೂಸನ್ನು ಕೊಡುವಂತೆ ಎರಡೂ ಕೈಯಿಂದ ಪ್ಲೇಟು ಕೊಟ್ಟರು. "ಅರಗಿಂದು. ಅವರ ನೆನಪಿಗೆ ಉಳಿದಿದ್ದು ಇದೊಂದೇ. ಹೋದ್ಹಾಂಗೇ ಬರ್ಬೇಕು."

ಮನೆಗೆ ಬಂದ ಮಾಬ್ಲರು ಅದನ್ನು ಅಂಟುವಾಳದ ನೀರಲ್ಲಿ ತೊಳೆದು ಹಲ್ಲುಜ್ಜುವ ಬ್ರಶ್ಶಿನಿಂದ ಗೆರೆಗೆರೆಯ ಧೂಳು ತೆಗೆದರು. ನಮ್ಮ ಕಡೆ ಮೇ ತಿಂಗಳಲ್ಲಿ ಒದ್ದೆಯಾದದ್ದೆಲ್ಲ ಹೋಗುವ ಜಾಗ ಒಂದೇ. ಹೆಂಡತಿ ಮಂಗಲಾ ತಾರಸಿಯ ಚಾಪೆಯ ಮೇಲೆ ಹಲಸಿನ ಹಪ್ಪಳ ಹರವಿದ್ದಳು. ಅದರ ಮೂಲೆಯಲ್ಲಿ ಪ್ಲೇಟನ್ನೂ ಇಟ್ಟು ಅವರು ಅಂಗಡಿಗೆ ನಡೆದರು.

ಮಧ್ಯಾಹ್ನ ಹಪ್ಪಳ ಮಗುಚಲು ಹೋದ ಮಂಗಲಾ ಫೋನು ಮಾಡಿದಳು.

"ಹೋಯ್, ನಿಮ್ಮ ಪ್ಲೇಟು ಡೊಂಕಾತು."

"ಎಷ್ಟು?"

"ನನ್ನ ಹಪ್ಪಳಕ್ಕಿಂತ ಹೆಚ್ಚು."

ಬೇರೆಯವರಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಮಾಬ್ಲರು ಓಡಿ ಬಂದು, ಬಿಸಿ ಆರುವ ಮೊದಲೇ ಅದನ್ನು ಎರಡು ಮಣೆಗಳ ನಡುವೆ ಮಲಗಿಸಿ, ಮೇಲೆ ಲಂಗರಿನ ಹಗ್ಗದ ದೊಡ್ಡ ಸುತ್ತನ್ನು ಹೇರಿದರು. ಮರುದಿನ ಪ್ಲೇಟು ತೆಪ್ಪಗೆ ಚಪ್ಪಟೆಯಾಗಿತ್ತು. ಪಕ್ಕದಿಂದ ನೋಡಿದರೆ ಮಾತ್ರ ಒಂದು ಸಣ್ಣ ಅಲೆ. ಪಕ್ಕದಿಂದ ನೋಡುವವರು ಯಾರು?

ಭಟ್ಕಳದ ಹಳೆ ಸಾಮಾನಿನ ಅಂಗಡಿಯಿಂದ ಪ್ಲೇಟು ತಿರುಗಿಸುವ ಯಂತ್ರ ಬಂತು. ಅದಕ್ಕೆ ಇದ್ದದ್ದು ಎರಡೇ ವೇಗ. ಅರಗಿನ ಪ್ಲೇಟು ಇನ್ನೂ ಜೋರಾಗಿ ತಿರುಗಬೇಕು, ಎರಡೂ ಸಾಲದು. ಅಂಗಡಿಯವನು ಇದನ್ನು ಹೇಳಿರಲಿಲ್ಲ. ಗಿರಾಕಿ ಕೇಳದ್ದನ್ನು ತಾವೂ ಎಂದೂ ಹೇಳಿದವರಲ್ಲವಾದ್ದರಿಂದ ಮಾಬ್ಲರಿಗೆ ಅವನನ್ನು ಬೈಯಲು ಬಾಯಿ ಬರಲಿಲ್ಲ. ಹಾಕಿ ನೋಡಿದರೆ, ಜೋಗುಳ ಹಾಡುವ ಹೆಂಗಸಿಗೇ ನಿದ್ದೆ ಬಂದು, ದನಿ ಗಂಡಸಿನದಾಗಿ, ಒಂದೊಂದು ಅಕ್ಷರವೂ ಆಕಳಿಸುತ್ತಿತ್ತು.

"ಕೂಸು ಮಲಗೂದಲ್ಲ, ಹೆದರಿ ಜ್ವರ ಬರ್ತದೆ" ಎಂದಳು ಮಂಗಲಾ.

"ತಡಿ ಮಾರಾಯ್ತಿ. ನಿಧಾನವಾಗೇ ಹಿಡ್ಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ಓಡ್ಸಿದ್ರೆ ಆತು. ಯೂಟ್ಯೂಬಿನಲ್ಲಿ ಎಲ್ಲಾ ಅದೆ."

ಯಂತ್ರದಿಂದ ಕಂಪ್ಯೂಟರಿಗೆ ಎಳೆಯುವ ವಾಯರು ಬೇರೆ ಕೊಳ್ಳಬೇಕಿತ್ತು. ಮೊಬೈಲಿಗೆ ಕಿವಿ ಇರುವಾಗ ವಾಯರು ಯಾಕೆ ಎಂದು ಮಾಬ್ಲರು ಅದನ್ನು ಯಂತ್ರದ ಸ್ಪೀಕರಿನ ಮುಂದಿಟ್ಟರು. ಕುಕ್ಕರಿಗೆ ನಿಷೇಧ, ಫ್ಯಾನಿಗೆ ಗೃಹಬಂಧನ. ಮೀನು ಮಾರುವ ಬಂಗಾರಿಗೂ "ಇವತ್ತು ನಮ್ಮ ಓಣೀಲಿ ಕೂಗ್ಬೇಡ" ಎಂಬ ಆಜ್ಞೆ ಹೋಯಿತು. ಇಷ್ಟೂ ಸಾಲದೆ, ಅಂಗಡಿಯ ದಪ್ಪ ತಾಡಪತ್ರಿಯಿಂದ ಗುಡಾರ ಹೂಡಿ, ಯಂತ್ರ, ಮೊಬೈಲು ಮತ್ತು ಸ್ವತಃ ತಾವು ಒಳಗೆ ಸೇರಿ ಬೆವರತೊಡಗಿದರು. ಜೋಗುಳ ಅರ್ಧ ಆಗುವಾಗ ಮಂಗಲಾ ಬಗ್ಗಿ ತಲೆ ತೂರಿಸಿ ತಾಯಿಯ ವಿಷಯ ತೆಗೆದಳು. ಇವರೂ ಎರಡು ಮಾತಾಡಿದರು. (ಪಿಸುಮಾತು. ಅದು ಲೆಕ್ಕಕ್ಕಿಲ್ಲ.)

ಕಂಪ್ಯೂಟರಿನಲ್ಲಿ ಓಡಿಸಿದಾಗ ಹೆಂಗಸು ಎಚ್ಚೆತ್ತು ಜೇನಿನಂತೆ ಹಾಡಿದಳು. ಮಾಬ್ಲರು ಮೊದಲ ಎರಡು ಸಾಲು ಕೇಳಿ ತೊಡೆ ತಟ್ಟಿಕೊಂಡರು.

"ಪೂರಾ ಒಂದ್ಸಲ ಕೇಳಿ, ಮಾರಾಯ್ರೆ."

"ಹಗ್ಗದ ಸುತ್ತು ಬಂದ್ರೆ ನಾನು ತುದಿ ನೋಡಿ ತಕಂತೆ. ಇಡೀ ಸುತ್ತು ಬಿಚ್ಚಿ ನೋಡೂವವ ವ್ಯಾಪಾರ ಮಾಡೂದು ಯಾವಾಗ?"

ಶಾಸ್ತ್ರದ ದಿನ ಹಳದೀಪುರದ ಮನೆ ತುಂಬ ನೆಂಟರು. ಮಾಬ್ಲರು ಮೊದಲು ಪ್ಲೇಟನ್ನು ಅದೇ ಸೀರೆಯಲ್ಲಿ ಸುತ್ತಿ ಅತ್ತೆಯ ಮಡಿಲಿಗಿಟ್ಟರು. ಆಮೇಲೆ ಮೊಬೈಲನ್ನು ಭಾಸ್ಕರನ ಆಳೆತ್ತರದ ಸ್ಪೀಕರಿಗೆ ಜೋಡಿಸಿದರು. ಜೋಗುಳ ಹೊರಟಿತು. ಹೆಂಗಸರು ಮಾತು ನಿಲ್ಲಿಸಿದರು. ಸಣ್ಣಮ್ಮ ತೊಟ್ಟಿಲ ಹಗ್ಗ ಹಿಡಿದು ಕಣ್ಣು ಮುಚ್ಚಿದರು. ಸೆರಗು ಮೆಲ್ಲಗೆ ಕಣ್ಣಿಗೆ ಹೋಯಿತು. ಒಂದು ನುಡಿ ಮುಗಿದು ಬರೀ ಪಿಟೀಲು ನುಡಿಯುವಾಗ ಅವರು ಅಳಿಯನ ಕಡೆ ತಿರುಗಿದರು.

"ಅಳಿಯಂದಿರು ಅಂದ್ರೆ..."

ಆ ಒಳ್ಳೆ ಮಾತಿಗೆ ಮಾಬ್ಲರು ಕತ್ತು ಚಾಚಿದರು. ಆದರೆ ಕಂಪ್ಯೂಟರಿನಲ್ಲಿ ಹಾಡಿನ ಸಂಗಡ ಗುಡಾರದ ಪಿಸುಮಾತೂ ಓಡಿತ್ತು. ಸ್ಪೀಕರಿನಿಂದ ಎರಡು ಗಿಳಿಗಳು ಕಿಚಕಿಚ ಜಗಳ ತೆಗೆದವು.

"ಅಮ್ಮಂಗೆ ಹಪ್ಪಳದ ಸಂಗಡ ಒಣಗ್ಸಿದ್ದು ಗೊತ್ತಾದ್ರೆ?"

"ಹೇಳೂದ್ಯಾರು? ಅತ್ತೆ ಕಣ್ಣಿಗೆ ಪ್ಲೇಟಾದ್ರೂ ಒಂದೇ, ಹಪ್ಪಳ ಆದ್ರೂ ಒಂದೇ. ದುಂಡಗಿದ್ರೆ ಆತು!"

ಮಲಗಿದ್ದ ಕೂಸು ಚೀರಿ ಎದ್ದಿತು. ನೆಂಟರು ಸೆರಗು, ಕರವಸ್ತ್ರ, ಸಿಕ್ಕಿದ್ದನ್ನು ಬಾಯಿಗೆ ತುರುಕಿಕೊಂಡರು. ಸಣ್ಣಮ್ಮ ಕನ್ನಡಕ ತರಿಸಿ ಹಾಕಿಕೊಂಡರು. ಸೀರೆಯ ಸುತ್ತು ಬಿಚ್ಚಿದರು. ಪ್ಲೇಟನ್ನು ಕಣ್ಣಿನ ಮಟ್ಟಕ್ಕೆತ್ತಿ ಪಕ್ಕದಿಂದ ನೋಡಿದರು, ಬಹಳ ಹೊತ್ತು.

"ಹಾಡು ಚಲೋ ಬಂದದೆ" ಎಂದಷ್ಟೇ ಹೇಳಿ ಕೂಸನ್ನು ಎತ್ತಿಕೊಂಡರು.

ಪಾರಾದೆ ಎಂದುಕೊಂಡರು ಮಾಬ್ಲರು. ಎರಡು ದಿನ ಬಿಟ್ಟು ಅತ್ತೆಯ ಫೋನು ಬಂತು. "ಮಂಗಲಾ, ಹಪ್ಪಳ ಹಚ್ಚಿದ್ದೆ. ಅಳಿಯಂದಿರನ್ನ ಕಳ್ಸು."

ಈಗ ಹಳದೀಪುರದ ತಾರಸಿಯ ಮೇಲೆ ತಲೆಗೆ ಬೈರಾಸು ಸುತ್ತಿಕೊಂಡು, ಒಂದೊಂದು ಹಪ್ಪಳವನ್ನೂ ಕಣ್ಣಿನ ಮಟ್ಟಕ್ಕೆತ್ತಿ ಪಕ್ಕದಿಂದ ನೋಡಿ ಮಗುಚುತ್ತಿರುವವರು ಮಾಬ್ಲ ನಾಯ್ಕರು. ಕೆಳಗೆ ಅಂಗಳದಲ್ಲಿ ನೆರೆಮನೆಯವಳು ಮೇಲಿರುವವರು ಯಾರೆಂದು ವಿಚಾರಿಸಿದಳು. ಮಾಬ್ಲರು ಇಷ್ಟು ವರ್ಷ ಕಾದ ಮಾತು ಅತ್ತೆಯ ದನಿಯಲ್ಲಿ ಸ್ಪಷ್ಟವಾಗಿ ಮೇಲೇರಿ ಬಂತು.

"ನಮ್ಮ ಅಳಿಯಂದಿರು. ಹಗ್ಗ ಮಾರೂಕೆ ಅಡ್ಡಿಲ್ಲ. ಒಣಗ್ಸೂಕೆ ಮಾತ್ರ ಅವರಂಥ ಕೈ ಈ ಸೀಮೇಲೇ ಇಲ್ಲ."