ಕಡಿದ ನಾಯಿಗೆ ಮಾಲಕರಿಲ್ಲ

ನಮ್ಮ ಕಡೆ ನಾಯಿ ಬಾಲ ಅಲ್ಲಾಡಿಸುವ ತನಕ ಅದಕ್ಕೆ ಮನೆತುಂಬ ಮಾಲಕರು. ಯಾರನ್ನಾದರೂ ಕಡಿಯಿತೋ, ಆ ಗಳಿಗೆಯಿಂದ ಅದು ಅನಾಥ. ಇದು ನನಗೆ ವಾರಕ್ಕೊಮ್ಮೆಯಾದರೂ ಕಾಣುವ ನಾಟಕ. ನಾನು ಘಟಪ್ರಭಾದಲ್ಲಿ ಇದ್ದುಕೊಂಡು ಗೋಕಾಕ, ಮೂಡಲಗಿ, ಹುಕ್ಕೇರಿ ಅಂತ ಸ್ಕೂಟಿ ಮೇಲೆ ತಿರುಗಿ ವಿಮೆ ಮಾಡಿಸುವ ಹೆಂಗಸು. ಮನೆಗೆ ಅಂತಲೇ ಒಂದು ಪಾಲಿಸಿ ಇದೆ. ಬೆಂಕಿ ಬಿದ್ದರೆ, ಕಳುವಾದರೆ ಕಂಪನಿ ಕೊಡುತ್ತದೆ. ಅದರೊಳಗೇ ಇನ್ನೊಂದು ಕಲಮು: ನಿಮ್ಮ ಮನೆಗೆ ಬಂದ ಹೊರಗಿನವರನ್ನು ನಿಮ್ಮ ನಾಯಿ ಕಡಿದರೆ ಅವರ ಔಷಧದ ಖರ್ಚು, ಕೆಲಸ ಕೆಟ್ಟ ಲುಕ್ಸಾನು ನಿಮ್ಮ ತಲೆ ಮೇಲೆ ಬರುತ್ತದಲ್ಲ, ಅದನ್ನೂ ಕಂಪನಿಯೇ ಕೊಡುತ್ತದೆ. ಮಾಲಕರು ಒಂದೇ ಒಂದು ಮಾತು ಹೇಳಬೇಕು. "ಹೌದು, ನಮ್ಮ ನಾಯಿ, ಕಡಿದದ್ದು ಖರೆ." ಇಷ್ಟು ಹೇಳಲು ನಮ್ಮ ಮಂದಿಗೆ ನಾಲಿಗೆ ಹೊರಳುವುದಿಲ್ಲ.

ಮೊನ್ನೆ ಮೊನ್ನೆ ಗೋಕಾಕದಲ್ಲಿ, ರೊಟ್ಟಿ ಮಾಡಿ ಬದುಕುವ ಹೆಣ್ಣುಮಗಳೊಬ್ಬಳ ಬಲಗೈ ವಿಷಯದಲ್ಲಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದನ್ನೇ ಹೇಳಲು ಕೂತಿದ್ದೇನೆ. ಆದರೆ ನಾನು ಎಂಥೆಂಥವರ ನಡುವೆ ಈ ಹೊಟ್ಟೆಪಾಡು ನಡೆಸುತ್ತೇನೆ ಅನ್ನುವುದು ಮೊದಲು ನಿಮಗೆ ತಿಳಿಯಲಿ.

ಎಮ್ಮಿದು ಬರಕೋರಿ

ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯಲ್ಲಿ ಒಬ್ಬ ರೈತರು ಹೊಸ ಮನೆ ಕಟ್ಟಿಸಿದ್ದರು. ಪಾಲಿಸಿ ಮಾಡಿಸಲು ಹೋಗಿ ಅವರ ಕಟ್ಟೆಯ ಮೇಲೆ ಕೂತು ಒಂದೊಂದೇ ಕಲಮು ಓದಿ ಹೇಳಿದೆ. ಬೆಂಕಿಗೆ ತಲೆ ಅಲ್ಲಾಡಿಸಿದರು. ಕಳವಿಗೂ ಅಲ್ಲಾಡಿಸಿದರು. ನಾಯಿ ಅನ್ನುತ್ತಲೇ ಅವರ ಮುಖ ಗಂಟಿಕ್ಕಿತು.

"ಅಕ್ಕಾರ, ನಮ್ಮ ನಾಯಿ ಯಾರಿಗೂ ಕಡಿಯಂಗಿಲ್ಲ."

"ಕಡದ್ರ ಅಂತ ಬರದಾರ್ರಿ ಅಣ್ಣಾರ."

"ಕಡದ್ರ ಅಂದ್ರ ಏನರ್ಥ? ನಮ್ಮ ಮನ್ಯಾಗ ಹುಟ್ಟಿ ಬೆಳದದ್ದು ಅದು. ಮಂದಿ ಅಂದ್ರ ಜೀವಾ ಬಿಡತೈತಿ."

ಅವರು ಹೀಗೆ ಅನ್ನುವ ಹೊತ್ತಿಗೆ ಆ ನಾಯಿ ಹಿಂದಿನಿಂದ ಬಂದು ನನ್ನ ಸೀರೆಯ ಸೆರಗು ಹಿಡಿದು ಜಗ್ಗುತ್ತಿತ್ತು. ನಾನು ಈ ಕಡೆ ಜಗ್ಗಿದೆ, ಅದು ಆ ಕಡೆ ಜಗ್ಗಿತು. "ಅಣ್ಣಾರ, ನನ್ನ ಸೀರಿ!" ಅಂತ ಕೂಗಿದರೆ ಅವರು ನಗುತ್ತ, "ಆಟಾ ಆಡಾಕತ್ತೈತ್ರಿ, ಗುರ್ತು ಹಿಡದೈತಿ ನಿಮ್ಮನ್ನ" ಅಂದರು. ನಾನು ಆ ಊರಿಗೆ ಬಂದದ್ದೇ ಅವತ್ತು ಮೊದಲ ಸಲ. ದೀಪಾವಳಿಗೆ ತಗೊಂಡ ಸೀರೆ, ಚರ್ರನೆ ಹರಿಯಿತು.

ಹರಿದ ಸೆರಗು ಕೈಯಲ್ಲಿ ಹಿಡಿದುಕೊಂಡು ನಾನು ಎದ್ದು ನಿಂತಾಗ ಅವರಿಗೆ ಸ್ವಲ್ಪ ಕೆಡುಕೆನಿಸಿತೋ ಏನೋ. ದನಿ ತಗ್ಗಿಸಿ ಹೇಳಿದರು:

"ಒಂದು ಕೆಲಸಾ ಮಾಡ್ರಿ ಅಕ್ಕಾರ. ಆ ನಾಯಿ ಕಲಮು ತಗದು ಎಮ್ಮಿದು ಬರಕೋರಿ. ಖರೆ ಹೇಳತೇನಿ, ಅದು ಒದೀತೈತಿ."

ಹೊರಗಿನಾಂವ

ಮೂಡಲಗಿಯಲ್ಲಿ ನಿವೃತ್ತ ಮಾಸ್ತರರೊಬ್ಬರು ತಾವಾಗೇ ಫೋನು ಮಾಡಿದರು. ದನಿಯಲ್ಲಿ ಸಂತೋಷ ತುಳುಕುತ್ತಿತ್ತು. "ಮೇಡಮ್ಮರ, ನಮ್ಮ ನಾಯಿ ಕಡದೈತಿ. ನಮ್ಮದ ನಾಯಿ. ಚಲೋತಂಗ ಕಡದೈತಿ. ಲಗೂ ಬರ್ರಿ." ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಕಡೆಗೂ ಒಬ್ಬ ಸತ್ಯವಂತರು ಸಿಕ್ಕರು ಅಂದುಕೊಂಡು ಬಿಸಿಲಲ್ಲೇ ಸ್ಕೂಟಿ ಓಡಿಸಿದೆ.

ಕಡಿಸಿಕೊಂಡವನು ಮಾಸ್ತರರ ಹೆಂಡತಿಯ ತಮ್ಮ. ನಾಗರಪಂಚಮಿಯ ಉಂಡಿ ತಿನ್ನಲು ಬಂದವನು ದಸರೆಗೆ ಬನ್ನಿ ಕೊಟ್ಟು ಮುಗಿದರೂ ಹೋಗಿರಲಿಲ್ಲ. ಮೀನಖಂಡಕ್ಕೆ ಪಟ್ಟಿ ಕಟ್ಟಿಸಿಕೊಂಡು, ಮಾಸ್ತರರು ಮಲಗುವ ಮಂಚದ ಮೇಲೆ, ಮಾಸ್ತರರ ತಲೆದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದ.

"ಮನಿ ಮಂದಿಗೆ ಕಡದ್ರ ಬರಂಗಿಲ್ರಿ ಸರ್, ಹೊರಗಿನವರಿಗೆ ಕಡದಿರಬೇಕು" ಅಂದೆ.

"ಹೊರಗಿನಾಂವ!" ಮಾಸ್ತರರು ಕುರ್ಚಿಯಿಂದ ಅರ್ಧ ಎದ್ದರು. "ಬರಕೋರಿ. ಪೂರಾ ಹೊರಗಿನಾಂವ. ಬೇಕಾದ್ರ ಕೆಳಗ ಗೆರಿ ಎಳೀರಿ."

ಅಡುಗೆಮನೆಯಿಂದ ಸಾರಿನ ಹುಟ್ಟು ಹಿಡಿದುಕೊಂಡೇ ಅವರ ಹೆಂಡತಿ ಹೊರಬಂದರು. "ಯಾರಿಗೆ ಹೊರಗಿನಾಂವ ಅಂದ್ರಿ? ಅಂವ ಈ ಮನಿ ಮಗಾ ಇದ್ದಂಗ."

"ಅಲ್ಲ, ಬರೇ ಕಾಗದದ ಮ್ಯಾಲ..."

"ಕಾಗದದ ಮ್ಯಾಲೂ ಬ್ಯಾಡ!"

ಮಂಚದ ಮೇಲಿನಿಂದ ತಮ್ಮ ಹೇಳಿದ, "ಅಕ್ಕಾ, ಹೊರಗಿನಾಂವ ಅಂದ್ರ ರೊಕ್ಕಾ ಬರತೈತಂತ, ಅನ್ಲಿ ಬಿಡ." "ನೀ ಸುಮ್ನ ಮಲಕೋ, ಕಾಲು ಅಲಗಾಡಸಬ್ಯಾಡ" ಅಂತ ಅಕ್ಕ ಗದರಿದರು. ಹುಟ್ಟು ನನ್ನ ಕಡೆಗೂ ಒಮ್ಮೆ ತಿರುಗಿತು. ನಾನು ಕಾಗದ ಚೀಲಕ್ಕೆ ಹಾಕಿದೆ. ನನ್ನ ಪೆಟ್ರೋಲು, ನನ್ನ ಬಿಸಿಲು, ನನ್ನ ಅರ್ಧ ದಿವಸ ಹೋಯಿತು. ಒಂದು ಲೋಟ ಚಹಾ ಕೂಡ ಸಿಗಲಿಲ್ಲ.

ಮಾಸ್ತರರು ಗೇಟಿನ ತನಕ ಬಂದು, ಕಟ್ಟಿಹಾಕಿದ ನಾಯಿಯ ತಲೆ ನೇವರಿಸುತ್ತ ನಿಂತರು. ಆ ಮನೆಯಲ್ಲಿ ಅವರ ಮನಸ್ಸು ತಿಳಿದಿದ್ದದ್ದು ಅದಕ್ಕೆ ಒಂದಕ್ಕೇ.

ಯಾವ ನಾಯಿ?

ಈಗ ಗೋಕಾಕದ ಮಾತಿಗೆ ಬರುತ್ತೇನೆ.

ಕೊಣ್ಣೂರಿನ ಈ ಹೆಣ್ಣುಮಗಳು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ, ಕುಬಸ, ಮದುವೆಗಳಿಗೆ ಕೊಡುತ್ತಾಳೆ. ನಮ್ಮ ಮನೆಗೂ ಅವಳದೇ ರೊಟ್ಟಿ. ಗೋಕಾಕದ ಟೈಲ್ಸ್ ಅಂಗಡಿ ಮಾಲಕರ ಮನೆಯಲ್ಲಿ ಬಸುರಿ ಸೊಸೆಯ ಕುಬಸ. ಖಡಕ್ ರೊಟ್ಟಿಯ ಬುಟ್ಟಿ ಹೊತ್ತುಕೊಂಡು ಹೋಗಿ ಗೇಟಿನ ಚಿಲಕ ತೆಗೆಯಲು ಕೈ ಹಾಕಿದ್ದಾಳೆ. ಒಳಗಿದ್ದ ನಾಯಿ ಬಲಗೈ ಹಿಡಿದುಬಿಟ್ಟಿದೆ. ಅಂಗೈ, ಹೆಬ್ಬೆರಳಿನ ಬುಡ, ಎಲ್ಲ ಹರಿದಿತ್ತು. ಕುಬಸದ ಮಂದಿ ರೊಟ್ಟಿ ಬುಟ್ಟಿ ಒಳಗೆ ತಗೊಂಡರು, ಇವಳನ್ನು ಆಟೋ ಹತ್ತಿಸಿದರು. ಅಷ್ಟೇ.

ರೊಟ್ಟಿ ಬಡಿಯುವವಳಿಗೆ ಬಲಗೈ ಇಲ್ಲವೆಂದರೆ ಇನ್ನೇನಿದೆ? "ಅಕ್ಕಾರ, ಇಂಜೆಕ್ಷನ್ ಸರಕಾರಿ ದವಾಖಾನಿಯಾಗ ಕೊಟ್ರು" ಅಂದಳು. "ಖಾನಾವಳಿಯವರು ಬ್ಯಾರೇದಾಕಿ ಕಡೆ ರೊಟ್ಟಿ ತಗೋಳಾಕತ್ತಾರ. ಕೈ ಮಾಯೂದ್ರಾಗ ಗಿರಾಕಿ ಹೋಗಿಬಿಡತಾವ್ರಿ. ಒಲಿ ಹಚ್ಚೂದು ಹೆಂಗ?"

ನಾನು ಹಿಗ್ಗಿಬಿಟ್ಟೆ. ಯಾಕೆಂದರೆ ಆ ಮನೆಯ ಪಾಲಿಸಿ ಮಾಡಿಸಿದವಳು ನಾನೇ! ಮಾಲಕರು ಒಂದು ಮಾತು ಅಂದರೆ ಸಾಕು, ಕೈ ಮಾಯುವ ತನಕ ಇವಳ ಒಲೆ ನಡೆಯುತ್ತದೆ. "ಚಿಂತಿ ಬಿಡು ತಂಗಿ" ಅಂತ ಧೈರ್ಯ ಹೇಳಿ ನೆಟ್ಟಗೆ ಹೋದೆ.

ಮಾಲಕರು ಪಡಸಾಲೆಯಲ್ಲಿ ಕೂತಿದ್ದರು. ಕಾರಿನ ಕೆಳಗೆ ನಾಯಿ ಮಲಗಿತ್ತು.

"ನಾಯಿ? ಯಾವ ನಾಯಿ?" ಅಂದರು.

"ಅಕಾ ನೋಡ್ರಿ, ಅಲ್ಲಿ ಮಲಗೇತಲ್ರಿ."

"ಅದಾ? ಓಣಿ ನಾಯಿ ಅಕ್ಕಾರ. ಬರತೈತಿ, ಹೋಗತೈತಿ. ನಮಗೂ ಅದಕ್ಕೂ ಏನೂ ಸಂಬಂಧಿಲ್ಲ."

"ಕೊಳ್ಳಾಗ ಪಟ್ಟಿ ಐತಲ್ರಿ?"

"ಯಾರೋ ಪುಣ್ಯಾತ್ಮರು ಹಾಕ್ಯಾರ."

"ಗೇಟಿಗೆ 'ನಾಯಿ ಇದೆ ಎಚ್ಚರಿಕೆ' ಅಂತ ಬೋರ್ಡು?"

"ಮನಿ ಕಟ್ಟಿದ ಗೌಂಡಿ ಹಚ್ಚಿ ಹೋಗ್ಯಾನ್ರಿ. ನಾ ಓದೇ ಇಲ್ಲ."

ನನ್ನ ನೆತ್ತಿ ಕಾಯಿತು. "ಅಣ್ಣಾರ, ರೊಕ್ಕಾ ನಿಮ್ಮದು ಹೋಗಂಗಿಲ್ಲ, ಕಂಪನಿದು" ಅಂದೆ. "ರೊಕ್ಕಾ ಕಂಪನಿದಿರಬಹುದು. ಮರ್ಯಾದಿ ನಮ್ಮದಲ್ಲೇನ್ರಿ? ಕುಬಸದ ದಿನಾ ಇವರ ಮನ್ಯಾಗ ನಾಯಿ ಕಡೀತು ಅಂತ ಊರು ತುಂಬ ಆಡಕೋತೈತಿ" ಅಂದರು. ಅವಳ ಕೈ ಹರಿದದ್ದು ಇವರ ಮರ್ಯಾದೆಗೆ ಕಾಣಲಿಲ್ಲ! ಮನೆಗೆ ಬಂದು ಸಿಕ್ಕವರೆದುರೆಲ್ಲ ಬೈದೆ. ಬೈದರೆ ರೊಟ್ಟಿ ಬೇಯುತ್ತದೆಯೇ? ಕಂಪನಿಗೇ ತಿಳಿಸಿದೆ, ವಿಚಾರಣೆಗೆ ಒಬ್ಬರನ್ನು ಕಳಿಸಿ ಅಂತ.

ಸಾಹೇಬರು ಬಂದರು

ಬೆಳಗಾವಿಯಿಂದ ಬಂದ ಸಾಹೇಬರು ಮೈಸೂರು ಕಡೆಯವರು, ಮೆತ್ತಗಿನ ಮನುಷ್ಯ. ಈ ಸೀಮೆಗೆ ಹೊಸಬರು. ಬರೆಯುವುದನ್ನೆಲ್ಲ ಬಾಯಲ್ಲಿ ಅಂದುಕೊಳ್ಳುತ್ತ ಬರೆಯುವ ಚಟ ಅವರಿಗೆ. ಮೂವರೂ ಮಾಲಕರ ಮನೆಗೆ ಹೋದೆವು. ಕೈಗೆ ಪಟ್ಟಿ ಕಟ್ಟಿಕೊಂಡ ರೊಟ್ಟಿಯವಳು ಗೇಟಿನ ಹತ್ತಿರ ನಿಂತಳು. ಒಳಗೆ ಬಾ ಅಂತ ಯಾರೂ ಅನ್ನಲಿಲ್ಲ. ಮಾಲಕರ ತಾಯಿ ಜೋಕಾಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ನಾಯಿ ನಿಮ್ಮದಾ ಸರ್?"

"ಅಲ್ರಿ ಸಾಹೇಬರ. ಬೀದಿ ನಾಯಿ."

ಸಾಹೇಬರು ಬಗ್ಗಿ ಕಾರಿನ ಕೆಳಗೆ ನೋಡಿದರು. ನಾಯಿ ಎದ್ದು ಬಂದು ಮೈ ಮುರಿಯಿತು. ಅದು ಮುಧೋಳ ನಾಯಿ. ಸಣಕಲು ಮೈ, ಉದ್ದ ಕಾಲು, ಬೆನ್ನಿಗೆ ಹತ್ತಿದ ಹೊಟ್ಟೆ. ಆ ಜಾತಿಯ ಚೆಂದವೇ ಅದು. ನಮ್ಮಲ್ಲಿ ಕೂಸಿಗೂ ಗೊತ್ತು. ಸಾಹೇಬರಿಗೆ ಗೊತ್ತಿರಲಿಲ್ಲ. ತಿಳಿಸಿ ಹೇಳಲು ಬಾಯಿ ತೆಗೆದವಳು ಯಾಕೋ ಮುಚ್ಚಿಕೊಂಡೆ.

"ಅಯ್ಯೋ ಪಾಪ" ಅಂದರು ಸಾಹೇಬರು, ಬರೆಯುತ್ತ. "ಬೀದಿ ನಾಯಿ. ಕಂತ್ರಿ. ಊಟಕ್ಕೆ ಗತಿಯಿಲ್ಲ. ಪಕ್ಕೆಲುಬು ಕಾಣಿಸ್ತಿದೆ..."

ಜೋಕಾಲಿ ನಿಂತಿತು.

"ಏ ತಮ್ಮಾ, ಯಾರಿಗೆ ಗತಿಗೇಡಿ ಅಂದಿ?" ಮುದುಕಿ ಎಲೆ ಚೀಲ ಎಸೆದು ಎದ್ದರು. "ನನ್ನ ಸರದಾರ ಮುಂಜಾನಿ ಹಾಲು ಕುಡೀತೈತಿ, ಸಂಜೀಕ ತುಪ್ಪಾ ಹಚ್ಚಿದ ರೊಟ್ಟಿ ತಿಂತೈತಿ! ನಿಮ್ಮ ಮನ್ಯಾಗ ನಿನಗ ಸಿಗತೈತೇನು ತುಪ್ಪಾ?"

"ಅವ್ವಾ, ಸುಮ್ನಿರು" ಅಂದರು ಮಾಲಕರು.

"ಇರಲಿ ಬಿಡಿ ಅಮ್ಮಾ" ಅಂತ ಸಾಹೇಬರು ಸಮಾಧಾನ ಮಾಡಿದರು. "ನೀವು ದಯೆಯಿಂದ ಏನೋ ಹಾಕ್ತೀರಿ. ಆದ್ರೂ ರೋಗದ ನಾಯಿ ಥರ ಕಾಣತ್ತೆ. ನಗರಸಭೆಯವರಿಗೆ ಹೇಳಿ ಹಿಡಿಸಿಬಿಡೋಣ."

ಇದನ್ನು ಮಾಲಕರಿಗೂ ತಡೆಯಲಾಗಲಿಲ್ಲ. ಮುಖ ಕೆಂಪಾಯಿತು. "ಸಾಹೇಬರ, ಏನ್ ಮಾತಾಡಾಕತ್ತೀರಿ? ಮುಧೋಳ ಜಾತಿ ಅದು! ಹೊಟ್ಟಿ ಹಂಗ ಇರಬೇಕು! ಇದರ ಅವ್ವ ಓಡೂ ಪಂದ್ಯದಾಗ ಗೆದ್ದಾಕಿ. ನಾನ ಸ್ವತಃ ಹೋಗಿ, ಮರಿ ಇದ್ದಾಗ ಎದಿಗೆ ಅವಚಿಕೊಂಡು ತಂದೇನಿ!"

"ಹಾಗಾದ್ರೆ ನಿಮ್ಮದೇ ಅನ್ನಿ?"

"ನಮ್ಮದಲ್ದ ಏನು ನಿಮ್ಮದ?"

"ಮತ್ತೆ, ಕಚ್ಚೋದು ಗಿಚ್ಚೋದು..."

"ಕಡೀತೈತ್ರಿ! ಮುಧೋಳ ನಾಯಿ ಕಡೀಲಾರದ ಮುದ್ದು ಕೊಡತೈತೇನು? ಆಕಿ ಕೈ ನೋಡ್ರಿ, ಹೆಂಗ ಹಿಡದೈತಿ! ಕಂತ್ರಿ ನಾಯಿ ಹಿಂಗ ಹಿಡೀಲಿ ನೋಡೂಣು!"

ಸಾಹೇಬರು ಬರೆದುಕೊಂಡರು. ಮಾಲಕರು ಸಹಿ ಮಾಡಿದರು. ಮುಧೋಳ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಬರೆಸಿದ ಮೇಲೇ ಪೆನ್ನು ಕೊಟ್ಟರು. ಮುದುಕಿ ಸೊಸೆಗೆ ಕೂಗಿ, ಮನಸ್ಸಿಗೆ ಬೇಜಾರು ಮಾಡಿಕೊಂಡಿರಬಹುದಾದ ಸರದಾರನಿಗೆ ಒಂದು ಬಟ್ಟಲು ಹಾಲು ತರಿಸಿದರು. ಕೈ ಹರಿದವಳು ಅಷ್ಟು ಹೊತ್ತೂ ಬಿಸಿಲಲ್ಲೇ ನಿಂತಿದ್ದಳು. ಅವಳಿಗೆ ಯಾರೂ ನೀರು ಬೇಕೇನು ಅಂತ ಕೇಳಲಿಲ್ಲ.

ಹೊರಗೆ ಬಂದು ನಾನು ಸಿಟ್ಟಿನಿಂದ ಕುದಿಯುತ್ತ ಸ್ಕೂಟಿ ತಿರುಗಿಸಿದೆ. ಕೆಲಸವಾಯಿತಲ್ಲ ಅನ್ನುವ ಸಂತೋಷ ಕೂಡ ಆಗಲಿಲ್ಲ. ಅವಳು ಹಿಂದೆ ಕೂತು, ಪಟ್ಟಿ ಕಟ್ಟಿದ ಕೈ ಮಡಿಲಲ್ಲಿ ಜೋಪಾನವಾಗಿ ಇಟ್ಟುಕೊಂಡು ಅಂದಳು:

"ನನ್ನ ನಸೀಬ ಚಲೋ ಐತ್ರಿ ಅಕ್ಕಾರ, ಕಡದದ್ದು ದೊಡ್ಡ ಜಾತಿ ನಾಯಿ. ಕಂತ್ರಿ ನಾಯಿ ಕಡದಿದ್ರ ನನ್ನ ಕೈ ಹರದೈತಿ ಅಂತ ಯಾರರೆ ಒಪ್ಪತಿದ್ರೇನು?"