ಎಕ್ಸ್‌ಚೇಂಜ್ ಆಫರಿನಲ್ಲಿ ಹೋದ ನಮ್ಮಮ್ಮ

ಶ್ರೀ ಅಮರೇಶ ಅವರಿಗೆ,
ಮಾಲೀಕರು, ಹೊನ್ನಶ್ರೀ ಕಂಪ್ಯೂಟರ್ಸ್ ಅಂಡ್ ಜೆರಾಕ್ಸ್,
ಬಸವೇಶ್ವರನಗರ, ಬೆಂಗಳೂರು.

ಮಾನ್ಯರೇ,

ತಮ್ಮ ಹಿಂದಿನ ಕ್ರಾಸಿನ ನಿವಾಸಿಯೂ ವಾಣಿಜ್ಯಶಾಸ್ತ್ರದ ಉಪನ್ಯಾಸಕನೂ ಆದ ಸೇತುರಾಮನ ಒಂದು ಕೈಯ ನಮಸ್ಕಾರಗಳು. ಇನ್ನೊಂದು ಕೈ ಮೌಸಿನ ಮೇಲಿದೆ, ಏಕಿದೆ ಎಂಬುದನ್ನು ಮುಂದೆ ನಿವೇದಿಸಿಕೊಳ್ಳುತ್ತೇನೆ. ತಾವೂ, ತಮ್ಮ ಮಾತೃಶ್ರೀ ಹೊನ್ನವ್ವನವರೂ, ತಮ್ಮ ಮನೆಯಲ್ಲಿರುವ ನನ್ನ ಟಿ.ವಿ.ಯೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾನು, ನನ್ನ ಹೆಂಡತಿ ಶುಭಾ ಮತ್ತು ತಾವು ಜೋಡಿಸಿಕೊಟ್ಟ ಕಂಪ್ಯೂಟರ್, ಈ ಮೂವರಲ್ಲಿ ಇಬ್ಬರು ಕ್ಷೇಮ.

ಕಳೆದ ಪಾರ್ಥಿವ ಸಂವತ್ಸರದ ಯುಗಾದಿಗೆ ಮುಂಚೆ ನಾನು ತಮ್ಮ ಅಂಗಡಿಗೆ ಬಂದದ್ದು ರೇಷನ್ ಕಾರ್ಡಿನ ಎರಡು ಜೆರಾಕ್ಸ್ ಪ್ರತಿಗಳಿಗಾಗಿ ಎಂಬುದು ತಮಗೆ ನೆನಪಿರಬಹುದು. ಅಂಥವನಿಗೆ ತಾವು ಕುರ್ಚಿ ಹಾಕಿ, ಕಾಫಿ ತರಿಸಿ, ಬಿಳಿ ಹಾಳೆಯ ನೆತ್ತಿಯಲ್ಲಿ 'ಕಾನ್ಫಿಗರೇಷನ್' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಾಗ ನಾನು ಜಾತಕ ಬರೆಸಿಕೊಳ್ಳುವ ಮದುವೆ ಗಂಡಿನಂತೆ ಮೈಮರೆತು ಕುಳಿತೆ. ಸಿನಿಮಾ, ಹಾಡು, ಆಟ, ಜೊತೆಗೆ ಟ್ಯೂನರ್ ಕಾರ್ಡ್ ಎಂಬ ಚೋಟುದ್ದದ ಹಲಗೆಯೊಂದನ್ನು ಸಿಕ್ಕಿಸಿದರೆ ಕೇಬಲ್ಲಿನ ಸಮಸ್ತ ಚಾನೆಲ್ಲುಗಳು, ಇಷ್ಟೂ ಒಂದೇ ಡಬ್ಬಿಯಲ್ಲಿ, ಅದೂ ಕಂಪನಿ ಮಾಲಿನ ಅರ್ಧ ಬೆಲೆಗೆ! "ಇದೊಂದು ತಗೊಂಡ್ರ ಮನೀನ ಥೇಟರ್ ಆಗ್ತದ ಸಾರ್, ಆ ಹಳೇ ಟಿ.ವಿ. ಯಾಕ್ರಿ ಜಾಗಕ್ಕ ದಂಡ, ಎಕ್ಸ್‌ಚೇಂಜಿಗೆ ಹಾಕ್ರಿ," ಎಂದಿರಿ. ಹಾಕಿದೆ. ಹನ್ನೊಂದು ವರ್ಷ ದುಡಿದು, ಗುಂಡಿ ಬಿದ್ದುಹೋದ ಜಾಗಕ್ಕೆ ಟೂತ್‌ಪೇಸ್ಟಿನ ಕೆಂಪು ಮುಚ್ಚಳ ಹಾಕಿಸಿಕೊಂಡರೂ ಚಕಾರವೆತ್ತದೆ ಚಿತ್ರ ತೋರಿಸುತ್ತಿದ್ದ ಆ ಟಿ.ವಿ.ಯನ್ನು ತಾವು ಆಟೋದಲ್ಲಿ ಕೂರಿಸಿಕೊಂಡು ಹೋಗುವಾಗ, ಬಾಗಿಲಲ್ಲಿ ನಿಂತು ನೋಡಿದವರು ನಮ್ಮಮ್ಮ ಅಲಮೇಲಮ್ಮ ಒಬ್ಬರೇ.

ತಮ್ಮ ಜೋಡಣಾ ಕೌಶಲವನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ, ಆದರೂ ಕೆಲವನ್ನು ಬಳಸುತ್ತೇನೆ. 'ಅಸೆಂಬಲ್ಡ್' ಎಂದು ತಾವು ಹೇಳಿದ್ದು ಅಕ್ಷರಶಃ ನಿಜ: ನಮ್ಮ ಅಸೆಂಬ್ಲಿಯಂತೆಯೇ ಇದರಲ್ಲಿಯೂ ಬಿಡಿಬಿಡಿಯಾಗಿ ಎಲ್ಲರೂ ಸಂಭಾವಿತರು, ಒಟ್ಟಿಗೆ ಕೂರಿಸಿದರೆ ಮಾತ್ರ ಕಲಾಪ ನಡೆಯುವುದಿಲ್ಲ. ಕೇಳಿದರೆ ರ್‍ಯಾಮ್ ಸಾಲದು ಎಂದಿರಿ. ಮನೆಯಲ್ಲೊಬ್ಬ ಸೇತುರಾಮ ದಂಡವಾಗಿ ಬಿದ್ದಿರುವಾಗ ಯಂತ್ರಕ್ಕೆ ರಾಮನ ಕೊರತೆಯೇ ಎಂದು ನಾನು ನಕ್ಕೆ, ತಾವು ನಗಲಿಲ್ಲ. ಧಾರಾವಾಹಿಯ ಸೊಸೆಯ ಕೆನ್ನೆಯ ಮೇಲೆ ಮೊದಲು ಕಣ್ಣೀರು ಇಳಿಯುತ್ತದೆ, ಅಳು ಎರಡು ಸೆಕೆಂಡು ತಡವಾಗಿ ಸ್ಪೀಕರಿಗೆ ತಲುಪುತ್ತದೆ. ರಿಮೋಟಿನ ಕಣ್ಣನ್ನು ತಾವು ವೈರಿನ ಸಮೇತ ಮೇಜಿನ ಹಿಂದೆ ಇಳಿಬಿಟ್ಟಿರುವುದರಿಂದ, ಎಪ್ಪತ್ತೆರಡರ ನಮ್ಮಮ್ಮ ಸೊಂಟ ಬಗ್ಗಿಸಿ, ಜಿರಳೆಗೆ ಔಷಧ ಹೊಡೆಯುವವರಂತೆ ಮೂಲೆಗೆ ಗುರಿಯಿಟ್ಟು ಚಾನೆಲ್ ಬದಲಿಸಬೇಕಾಗುತ್ತಿತ್ತು. ಹತ್ತು ನಿಮಿಷ ಮೌಸ್ ಅಲುಗದಿದ್ದರೆ ಧಾರಾವಾಹಿಯ ಕೋರ್ಟಿನ ತೀರ್ಪಿನ ಮೇಲೆ ಸ್ಕ್ರೀನ್‌ಸೇವರಿನ ಬಣ್ಣಬಣ್ಣದ ಮೀನುಗಳು ಈಜಲು ಬರುತ್ತಿದ್ದುದರಿಂದ, ಅವರು ಧಾರಾವಾಹಿ ಮುಗಿಯುವವರೆಗೆ ಜಪಸರ ತಿರುಗಿಸುವಂತೆ ಮೌಸನ್ನು ಆಡಿಸುತ್ತಲೇ ಕೂರುತ್ತಿದ್ದರು. ಈಗ ಆ ಹುದ್ದೆ ನನ್ನದು.

ಇಷ್ಟಾಗಿಯೂ ಅವರು ನೋಡುತ್ತಲೇ ಇದ್ದರು ಎಂಬುದನ್ನು ತಾವು ಗಮನಿಸಬೇಕು. ಒಂದು ಸಂಜೆ ಅಮ್ಮ ಏನನ್ನೋ ಒತ್ತಿದ್ದರಿಂದ ಕನ್ನಡ ಚಾನೆಲ್ಲುಗಳೆಲ್ಲ ಮಾಯವಾಗಿ, ದಿನವಿಡೀ ಬೊಜ್ಜು ಕರಗಿಸುವ ಬೆಲ್ಟು ಮಾರುವ ಚಾನೆಲ್ಲೊಂದೇ ಉಳಿದಾಗ, ತಮ್ಮ ಸಲಹೆಯಂತೆ ನಾನು ಯಂತ್ರಕ್ಕೊಂದು ಪಾಸ್‌ವರ್ಡ್ ಇಟ್ಟೆ. ಮಾತೃಭಕ್ತಿಯಿಂದ ಅಮ್ಮನ ಹೆಸರನ್ನೇ ಇಟ್ಟೆ. ಅಮ್ಮನಿಗೆ ಮಾತ್ರ ಹೇಳಲಿಲ್ಲ, ಶುಭಾಳಿಗೂ ಹೇಳಲಿಲ್ಲ. ಹೀಗಾಗಿ ಧಾರಾವಾಹಿ ಏಳಕ್ಕೆ ಶುರುವಾದರೂ ನಮ್ಮ ಮನೆಯಲ್ಲಿ ಅದು ರಾಜಾಜಿನಗರದ ಕಾಲೇಜಿನಿಂದ ನಾನು ಹಿಡಿದ ಬಸ್ಸು ಬಂದ ಮೇಲೆಯೇ ಶುರುವಾಗುತ್ತಿತ್ತು. ಅಮ್ಮ ಎಂದೂ ದೂರಲಿಲ್ಲ. ಏಳಕ್ಕೆ ಮುಂಚೆಯೇ ಕಪ್ಪು ಪರದೆಯ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು.

ಒಂದು ದಿನ ಬಂದು ನೋಡಿದರೆ ಅಮ್ಮ ಇರಲಿಲ್ಲ. ಸೊಪ್ಪು ತರಲು ಹೋದವರಿಗೆ ಹಾಲಿನ ಬೂತಿನ ಮೇಲಿನ ಮಹಡಿಯಿಂದ ಧಾರಾವಾಹಿಯ ಹಾಡು ಕೇಳಿಸಿ, ಮೆಟ್ಟಿಲು ಹತ್ತಿ ಇಣುಕಿ, ಕೆಂಪು ಮುಚ್ಚಳದ ಗುರುತು ಹಿಡಿದು ಅಲ್ಲೇ ನಿಂತುಬಿಟ್ಟರಂತೆ. ಆ ಮನೆ ತಮ್ಮದೆಂದು ಅವರಿಗೆ ಗೊತ್ತಿರಲಿಲ್ಲ. ಹೊನ್ನವ್ವನವರು ಯಾರು, ಏನು ಎಂದು ಕೇಳದೆ ಒಳಗೆ ಕರೆದು ಚಾಪೆ ಹಾಸಿದರಂತೆ. ನಾನು ಹುಡುಕಿಕೊಂಡು ಬಂದಾಗ ಇಬ್ಬರೂ ಮೆಂತ್ಯಸೊಪ್ಪು ಬಿಡಿಸುತ್ತಾ, ಒಬ್ಬರು ರಾಯಚೂರಿನ ಕನ್ನಡದಲ್ಲಿ, ಇನ್ನೊಬ್ಬರು ಮೇಲುಕೋಟೆಯ ಕನ್ನಡದಲ್ಲಿ, ಪರದೆಯ ಮೇಲಿನ ಅತ್ತೆಯನ್ನು ಒಂದೇ ಸಮನೆ ಬೈಯುತ್ತಿದ್ದರು. ಮನೆಯಲ್ಲಿ ಕಂಪ್ಯೂಟರ್ ಹಾಕಿಟ್ಟು ಬಂದಿದ್ದೇನೆ, ಏಳಿ ಎಂದೆ. ಅಮ್ಮ ಸೊಪ್ಪಿನಿಂದ ಕಣ್ಣು ತೆಗೆಯದೆ, "ನಮ್ಮನೇಲಿ ನೋಡ್ಬೇಕು ಅಂದ್ರೆ ನಿನ್ನ ಕಾಯ್ಬೇಕು ಕಣೋ. ಇಲ್ಲಿ ಗುಂಡಿ ತಿರುಗಿಸಿದ್ರೆ ಆಯ್ತು," ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಮಾತೃಶ್ರೀಯವರು, "ಕುಂದರ್ರಿ ಸರ, ಅಡ್ವಟೈಜ್ ಬಂದಾಗ ಮಾತಾಡೂಣಂತ," ಎಂದು ನನ್ನನ್ನೂ ಕೂರಿಸಿದರು.

ಅಂದಿನಿಂದ ನಮ್ಮ ಮನೆ ಕಂತುಕಂತಾಗಿ ತಮ್ಮಲ್ಲಿಗೆ ವರ್ಗವಾಗುತ್ತಿದೆ. ಮೊದಲು ಅಮ್ಮ ಹೋದರು, ಮಂಡಿನೋವೆಂದು ಹಿಂದೆಯೇ ಮಡಚುವ ಕುರ್ಚಿ ಹೋಯಿತು, ಆಮೇಲೆ ಕನ್ನಡಕದ ಡಬ್ಬಿ. ಈರುಳ್ಳಿಯ ವಾಸನೆಗೂ ಮೂಗು ಮುಚ್ಚುತ್ತಿದ್ದವರು ಈಗ ಜೋಳದ ರೊಟ್ಟಿ ತೆಳ್ಳಗಿರಬೇಕೋ ದಪ್ಪಗಿರಬೇಕೋ ಎಂದು ಶುಭಾಳಿಗೆ ಪಾಠ ಹೇಳುತ್ತಾರೆ. ಇದೆಲ್ಲ ಧಾರಾವಾಹಿಯ ಮಹಿಮೆ ಎಂದು ನಾನು ಸಮಾಧಾನ ತಂದುಕೊಂಡಿದ್ದೆ. ಆದರೆ ಮಾನ್ಯರೇ, ಶನಿವಾರ ಧಾರಾವಾಹಿ ಇರುವುದಿಲ್ಲ. ಅಮ್ಮ ಶನಿವಾರವೂ ಹೋದರು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಟಿ.ವಿ.ಯನ್ನು ಹಿಂದಕ್ಕೆ ಕೇಳುವಷ್ಟು ನಾಚಿಕೆಗೆಟ್ಟವನು ನಾನಲ್ಲ, ಅದರ ಜೊತೆ ಅಮ್ಮ ಬರುತ್ತಾರೆಂಬ ಧೈರ್ಯವೂ ನನಗಿಲ್ಲ. ತಾವು ಬಿಡಿಭಾಗ ತರುವ ಎಸ್.ಪಿ. ರಸ್ತೆಯ ಯಾವ ಗಲ್ಲಿಯಲ್ಲಾದರೂ ಹುಡುಕಿ, ಮೆಂತ್ಯಸೊಪ್ಪು ಬಿಡಿಸುತ್ತ ಅಮ್ಮನ ಜೊತೆ ಅತ್ತೆಯನ್ನು ಬೈಯುವ ಕಾರ್ಡೊಂದನ್ನು ತಂದು ಈ ಯಂತ್ರಕ್ಕೆ ಸಿಕ್ಕಿಸಿಕೊಡಬೇಕು. ಅಂಥದ್ದು ಬರುವುದಿಲ್ಲವಾದರೆ, ತಮ್ಮ ಎಕ್ಸ್‌ಚೇಂಜ್ ಆಫರಿನ ಅವಧಿಯನ್ನು ವಿಸ್ತರಿಸಿ, ಐವತ್ತರ ಆಸುಪಾಸಿನ, ಗುಂಡಿ ಕಳೆದುಕೊಂಡ, ಆದರೆ ರಿಪೇರಿಗೆ ಬರುವ ಒಬ್ಬ ಮಗನನ್ನು ತೆಗೆದುಕೊಂಡು, ಸಂಜೆ ಏಳರಿಂದ ಎಂಟರವರೆಗೆ ಅಮ್ಮನ ಕುರ್ಚಿಯ ಪಕ್ಕದಲ್ಲಿ ಒಂದು ಚಾಪೆಯಷ್ಟು ಜಾಗ ಕೊಡಬೇಕು. ಪಾಸ್‌ವರ್ಡನ್ನು ನಾನು ನಿನ್ನೆಯೇ ತೆಗೆದುಹಾಕಿದ್ದೇನೆ. ಅದನ್ನು ಅಮ್ಮನಿಗೆ ತಿಳಿಸಿದಾಗ, ಹೋಗಿಬರುತ್ತೇನೆ, ಬಾಗಿಲು ಹಾಕಿಕೋ ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡರು.

ವಾರಂಟಿ ಮುಗಿದರೂ ವಿಶ್ವಾಸ ಮುಗಿಯದ,
ತಮ್ಮ ವಿಶ್ವಾಸಿ,
ಸೇತುರಾಮ

ಮರೆತ ಮಾತು: ಇದು ಬಹಿರಂಗ ಪತ್ರವಾದ್ದರಿಂದ ಇದರ ಐವತ್ತು ಜೆರಾಕ್ಸ್ ಪ್ರತಿಗಳನ್ನು ತಾವೇ ಮಾಡಿಕೊಡಬೇಕು; ಮೂಲಪ್ರತಿಯನ್ನು ಅಮ್ಮನ ಕೈಯಲ್ಲಿ ಕಳುಹಿಸಿದ್ದೇನೆ, ತಮ್ಮನ್ನು ನನಗಿಂತ ಮೊದಲು ಕಾಣುವವರು ಅವರೇ. ಅಂದಹಾಗೆ, ಊರಿಗೆಲ್ಲ ಕಂಪ್ಯೂಟರ್ ಹಂಚುವ ತಮ್ಮ ಮನೆಯಲ್ಲಿ ಒಂದೂ ಏಕಿಲ್ಲ ಎಂದು ಮೊನ್ನೆ ಅಮ್ಮನನ್ನು ಕರೆಯಲು ಬಂದಾಗ ಜಾಹೀರಾತಿನ ನಡುವೆ ಹೊನ್ನವ್ವನವರನ್ನು ವಿಚಾರಿಸಿದೆ. "ದಿನಾ ಕೆಡ್ತದಂತ್ರೀ ಅದು. ಮನಿಗಿ ಮಾತ್ರ ಬ್ಯಾಡವ್ವ ಅಂತ ನಮ್ಮ ಅಮರೇಶನ ಹೇಳ್ಯಾನ್ರಿ," ಎಂದು ಹೇಳಿ ಅವರು ಟಿ.ವಿ.ಯ ಸದ್ದು ಜಾಸ್ತಿ ಮಾಡಿದರು.